ನಡುಮನೆಯ ಕೆಳಗಿನ ಹಗೇವು

ನಮ್ಮತ್ತೆ ಚಿಕ್ಕಬೋರಮ್ಮನವರು ನಡುಮನೆಯನ್ನು ಎಂದೂ ಅಡ್ಡ ಹಾಯ್ದವರಲ್ಲ. ಅಡುಗೆಮನೆಯಿಂದ ಬೀದಿಬಾಗಿಲಿಗೆ ಹೋಗಬೇಕಾದರೂ ಗೋಡೆಗೆ ಕೈ ಊರಿ ಸುತ್ತು ಹಾಕಿಕೊಂಡೇ ಹೋಗುವರು. ಮದುವೆಯಾಗಿ ಕಿರುಗಾವಲಿನ ಪಕ್ಕದ ಈ ಊರಿಗೆ ಬಂದ ಹೊಸದರಲ್ಲಿ ನನಗೆ ಮೈ ಉರಿದುಹೋಗುತ್ತಿತ್ತು. ಬಿಸಿ ಸಾರಿನ ಪಾತ್ರೆ ಹಿಡಿದು ಎದುರಿಗೆ ಬಂದರೂ ಗೋಡೆ ಬಿಟ್ಟು ಸರಿಯರು! "ಅಲ್ಲ ಅತ್ತೆ, ನಡುವೆ ಏನು ಹುಲಿ ಕೂತಿದೆಯಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಉಲಿ ಆದ್ರೆ ಗುರ್ ಅಂತದೆ ಕಣವ್ವ ಶ್ವೇತ. ಇದು ಸದ್ದೇ ಮಾಡಾಕಿಲ್ಲ."

ಅವರು ಸೊಸೆಯಾಗಿ ಬಂದಾಗ ಇದು ನಾಡಹೆಂಚಿನ ತೊಟ್ಟಿಮನೆ. ಈಗಿನ ನಡುಮನೆಯೇ ಆಗಿನ ಅಂಗಳ. ಅಲ್ಲಿ ರಾಗಿ ತುಂಬಿಡುವ ಹಗೇವು ಇತ್ತು: ಕತ್ತು ಕಿರಿದು, ಹೊಟ್ಟೆ ದೊಡ್ಡದು, ಆಳು ಮುಳುಗುವಷ್ಟು ಆಳದ ನೆಲಗುಳಿ. ಅತ್ತೆಯ ಮೈದುನ ಜವರಯ್ಯ ಒಂದು ಮಧ್ಯಾಹ್ನ ಬಾಯಿಯ ಚಪ್ಪಡಿ ಸರಿಸಿದವನೇ ರಾಗಿ ತೆಗೆಯಲು ಇಳಿದ. ಒಳಗಿನ ಕೆಟ್ಟ ಗಾಳಿ ಹೋಗಲು ಬಿಡಬೇಕು, ದೀಪ ಇಳಿಬಿಟ್ಟು ಆರದೆ ಉರಿಯುತ್ತದೆಯೇ ಎಂದು ನೋಡಬೇಕು. ಎರಡೂ ಮಾಡಲಿಲ್ಲ. ಅತ್ತೆ ಮೊರ ಹಿಡಿದು ಮೇಲೆ ಕಾಯುತ್ತಿದ್ದರು. ಕರೆದರು, ಕೂಗಿದರು, ಅವನು ಓಗೊಡಲಿಲ್ಲ. ಆಮೇಲೆ ಮೇಲೆ ಬಂದದ್ದು ಹೆಣ.

ಗುಳಿ ತುಂಬಿಸಿಬಿಡಿ ಎಂದು ಅತ್ತೆ ತಮ್ಮ ಮಾವನ ಕಾಲು ಹಿಡಿದರಂತೆ. "ಅನ್ನ ಇಕ್ಕಿದ ಬಾಯ್ಗೆ ಮಣ್ಣಾಕ್ದೋರು ಉದ್ಧಾರ ಆಗಾಕಿಲ್ಲ," ಎಂದು ಗದರಿಸಿ ಅವರು ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಡಿದು ಸಗಣಿ ಸಾರಿಸಿಬಿಟ್ಟರು. ಬರಬರುತ್ತ ಅಂಗಳಕ್ಕೆ ಮಾಡು ಬಂತು, ಕಂಬಗಳ ನಡುವೆ ಗೋಡೆ ಎದ್ದಿತು, ಕೊಟ್ಟಿಗೆ ಅಡುಗೆಮನೆಯಾಯಿತು, ನೆಲಕ್ಕೆ ಕೆಂಪು ಗಾರೆ, ಮೇಲಕ್ಕೆ ಆರ್‌ಸಿಸಿ. ಮನೆ ಬದಲಾದಾಗಲೆಲ್ಲ ಹಗೇವು ಇನ್ನಷ್ಟು ಕೆಳಗೆ ಹೋಯಿತೇ ಹೊರತು ತುಂಬಲಿಲ್ಲ.

"ಅದು ಯಾವತ್ತೋ ತುಂಬೋಗದೆ ಬುಡವ್ವ," ಎಂದು ನನ್ನ ಗಂಡ ಸ್ವಾಮಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೋದ ತಿಂಗಳು ಟೈಲ್ಸ್ ಹಾಕಿಸಲು ಹಳೇ ಗಾರೆ ಒಡೆಸಿದೆವು. ಕೆಲಸದವನ ಸುತ್ತಿಗೆ ಏಟಿಗೆ ನೆಲ ಟೊಳ್ಳು ಸದ್ದು ಮಾಡಿತು. ಇನ್ನೊಂದು ಏಟಿಗೆ ಚಪ್ಪಡಿ ಹೋಳಾಗಿ ಕೆಳಗೆ ಬಿತ್ತು. ಕಪ್ಪು ಬಾಯಿ ತೆರೆದುಕೊಂಡಿತು, ಮುಗ್ಗಲು ನಾತ ಮೂಗಿಗೆ ಹೊಡೆಯಿತು. ಬಗ್ಗಿ ನೋಡಿದ ಸ್ವಾಮಿಯ ಜೇಬಿನಿಂದ ಮೊಬೈಲು ಜಾರಿ ಒಳಗೆ ಬಿತ್ತು.

"ಒಂದಾಳುದ್ದ ಅಷ್ಟೇಯ. ಎತ್ಕೊಂಡ್ ಬತ್ತೀನಿ," ಎಂದು ಪಂಚೆ ಎತ್ತಿ ಕಟ್ಟಿ, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ನಾನೇನಂದೆ ಗೊತ್ತೇ? "ಪಂಚೆ ಕೊಳೆ ಮಾಡ್ಕೋಬೇಡಿ" ಅಂದೆ! ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಗೋಡೆಯ ಮೇಲಿನ ಕೈ ಬಿಟ್ಟರು. ನಡುಮನೆಯ ನಟ್ಟನಡುವೆ ಓಡಿ ಬಂದು, ಆ ಬಾಯಿಯ ಅಂಚಿಗೇ ಕುಸಿದು, ಮಗನ ಕತ್ತನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡರು.

"ಇಳೀಬ್ಯಾಡ ಕಣ್ಲಾ ಮಗಾ! ದೀಪ ಬುಡ್ಲಾ ಮೊದ್ಲು! ಇಳಿಯೋದಾದ್ರೆ ನನ್ ಸಾಯ್ಸಿ ಇಳೀಲಾ!"

ಅವ್ವನ ಸಮಾಧಾನಕ್ಕೆಂದು ಸ್ವಾಮಿ ಕಾಲು ಮೇಲೆ ತೆಗೆದರು. ನಾನು ದೇವರ ಗೂಡಿನ ದೀಪವನ್ನು ಬಕೀಟಿನಲ್ಲಿಟ್ಟು ಹಗ್ಗದಲ್ಲಿ ಇಳಿಬಿಟ್ಟೆ. ಕತ್ತು ದಾಟುವವರೆಗೆ ಚೆನ್ನಾಗಿಯೇ ಉರಿಯಿತು. ಹೊಟ್ಟೆಗೆ ಇಳಿದದ್ದೇ ತಡ, ಕುಗ್ಗಿ ಆರಿಹೋಯಿತು. ಮತ್ತೆ ಹಚ್ಚಿ ಬಿಟ್ಟೆ. ಮತ್ತೆ ಅಲ್ಲೇ ಆರಿತು.

ಸ್ವಾಮಿ ಅಂಚಿನಿಂದ ಹಿಂದಕ್ಕೆ ಸರಿದು ಗೋಡೆಗೊರಗಿ ಕೂತರು.

ಮಾರನೆ ದಿನ ಟ್ರಾಕ್ಟರಿನಲ್ಲಿ ಮಣ್ಣು ತರಿಸಿದೆವು. ಅತ್ತೆ ಮೊದಲು ಒಂದು ಬೊಗಸೆ ರಾಗಿ ಒಳಗೆ ಸುರಿದು ಕೈ ಮುಗಿದರು. "ಉಣ್ಣಿಸ್ದೋಳು ನೀನು, ತೆಪ್ಪು ತಿಳ್ಕೋಬ್ಯಾಡ ತಾಯಿ," ಎಂದು ಅತ್ತು, "ಆಕ್ರಪ್ಪ ಮಣ್ಣ," ಅಂದರು. ಮೊಬೈಲು ಅಲ್ಲೇ ಇದೆ, ಇರಲಿ.

ಈಗ ಟೈಲ್ಸ್ ಥಳಥಳ ಅನ್ನುತ್ತವೆ. ಅತ್ತೆ ಇನ್ನೂ ಸುತ್ತು ಹಾಕಿಕೊಂಡೇ ಬರುತ್ತಾರೆ. ನಿನ್ನೆ ಕಾಫಿ ಲೋಟ ಹಿಡಿದು ಅವರಿಗೆದುರಾದೆ. "ತುಂಬಿಸಿ ಆಯ್ತಲ್ಲ ಅತ್ತೆ, ಇನ್ನೇನು ಹೆದರಿಕೆ? ನಡುವೇನೇ ಬನ್ನಿ," ಅಂದೆ.

"ನೀನ್ ಬಾ ನೋಡವ್ವ ಮೊದ್ಲು," ಅಂದರು.

ನನ್ನ ಇನ್ನೊಂದು ಕೈ ಗೋಡೆಯ ಮೇಲಿತ್ತು.