ದಿಂಬಿನಡಿಯ ಕಬ್ಬಿಣ

ಅಥವಾ ಚಾಕು ಬೆಚ್ಚಗಿತ್ತು ಎನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ರಾಗಿ ತುಂಬಿದ ಪುಟ್ಟ ದಿಂಬು, ಅದರ ಕೆಳಗೆ ತೂರಿದ ನನ್ನ ಕೈ, ಬೆರಳಿಗೆ ತಾಗಿದ ಅಪ್ಪನ ಮಡಚುವ ಚಾಕು. ಇಷ್ಟರವರೆಗೆ ಹೆಚ್ಚುಕಡಿಮೆ ನಂಬುತ್ತೇನೆ. ಆದರೆ ಬೆಚ್ಚಗಿತ್ತು ಎಂದ ತಕ್ಷಣ ಆ ದಿಂಬಿನ ಮೇಲೆ ಕೂಸಿನ ತಲೆ ಇತ್ತು ಎಂದಾಗುತ್ತದೆ. ತಣ್ಣಗಿತ್ತು ಎಂದರೆ ಕೂಸು ಆಗಲೇ ಇರಲಿಲ್ಲ. ನಲವತ್ತು ವರ್ಷದಲ್ಲಿ ಅದು ನನ್ನ ಕೈಯಲ್ಲಿ ಎಷ್ಟೋ ಸಲ ಬೆಚ್ಚಗಾಗಿದೆ, ಎಷ್ಟೋ ಸಲ ತಣ್ಣಗಾಗಿದೆ.

ಆ ಕೂಸು ಅಕ್ಕನ ಮೊದಲನೆಯದು. ಪಾಂಡವಪುರದ ಹತ್ತಿರದ ನಮ್ಮೂರಿಗೆ ಅವಳು ಹೆರಿಗೆಗೆ ಬಂದಿದ್ದಳು. ನನಗೆ ಹತ್ತು ವರ್ಷ. ಕೂಸಿನ ದಿಂಬಿನಡಿ ಕಬ್ಬಿಣ ಇಡುವುದು ನಮ್ಮ ಕಡೆಯ ರೂಢಿ. ಕೂಸು ನಿದ್ದೆಯಲ್ಲಿ ಬೆದರಬಾರದು, ಯಾವುದೂ ಅದರ ಹತ್ತಿರ ಸುಳಿಯಬಾರದು ಎಂದು. ನಮ್ಮ ಮನೆಯಲ್ಲಿ ಅದಕ್ಕೆ ಅಪ್ಪನ ಚಾಕು ಇಟ್ಟಿದ್ದರು. ನನಗೆ ಕೋರೆಹಲ್ಲು ಅಲ್ಲಾಡುತ್ತಿತ್ತು, ಕಬ್ಬು ಸಿಗಿಯಲು ಆಗುತ್ತಿರಲಿಲ್ಲ. ಚಾಕು ಎತ್ತಿಕೊಂಡು ಗದ್ದೆಗೆ ಹೋದೆ, ಜಲ್ಲೆ ಸೀಳಿ ತಿಂದೆ, ಕೈ ತೊಳೆಯುವಾಗ ಚಾಕು ನಾಲೆಗೆ ಬಿತ್ತು. ಕೂಸು ಹನ್ನೊಂದನೆಯ ದಿನ ಹೋಯಿತು. ಮೈಯೆಲ್ಲ ಹಳದಿಯಾಗಿತ್ತಂತೆ.

ಈ ಎರಡರಲ್ಲಿ ಯಾವುದು ಮೊದಲು ನಡೆಯಿತು ಎನ್ನುವುದು ನನಗೆ ತಿಳಿಯದು. ಹಲ್ಲು ಬಿದ್ದದ್ದು ಯಾವಾಗ ಎಂದು ನೆನಪಾದರೆ ಲೆಕ್ಕ ಸಿಗಬಹುದೆಂದು ಪ್ರಯತ್ನಿಸಿದ್ದೇನೆ. ಒಂದು ನೆನಪಿನಲ್ಲಿ ಹಲ್ಲು ಸಾವಿನ ಮನೆಯ ಜಗಲಿಯ ಮೇಲೆ ಬೀಳುತ್ತದೆ, ಇನ್ನೊಂದರಲ್ಲಿ ಶಾಲೆಯಲ್ಲಿ. ಕಬ್ಬಿಣ ಕಾಮಾಲೆಯನ್ನು ತಡೆಯುತ್ತದೆ ಎಂದು ನಾನು ನಂಬುವವನಲ್ಲ. ಅಕ್ಕ ನಂಬುತ್ತಾಳೆ. ಚಾಕು ತೆಗೆದವನು ನಾನು ಎಂದು ಅವಳಿಗೆ ಗೊತ್ತೇ? ನಾನು ಒಮ್ಮೆಯೂ ಕೇಳಿರಲಿಲ್ಲ.

ಹೋದ ವರ್ಷ ಕಿಕ್ಕೇರಿಯಿಂದ ಅವಳ ಫೋನು ಬಂತು. ಅವಳ ಮಗಳು ನಾಗಮಂಗಲದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು.

“ಹೆತ್ತವ್ಳೆ ಕಣ್ಲಾ, ಗಂಡು. ನೀ ಬರುವಾಗ ಒಂದು ಚಾಕು ತಕಂಬಾ. ಮಡಚೋದು. ಅಪ್ಪಂದು ಇತ್ತಲ್ಲ, ಅಂಗಿರೋದು.”

“ಕತ್ರಿ ಇಲ್ವಾ ಮನೇಲಿ?”

“ಇವಳು ಕೂಸಾಗಿದ್ದಾಗ ಕತ್ರಿನೇ ಇಟ್ಟಿದ್ದೆ. ನಾಲ್ಗೆ ಎಂಗಾಗೈತೆ ನೋಡಿಲ್ವಾ?” ಹಿಂದಿನಿಂದ ಮಗಳು ಏನೋ ಕೂಗಿದಳು. “ನೋಡು, ಕತ್ತರಿಸ್ತಾವ್ಳೆ,” ಎಂದಳು ಅಕ್ಕ.

ನಾನೂ ನಕ್ಕೆ. ಫೋನು ಇಟ್ಟಮೇಲೆ ‘ಅಪ್ಪಂದು ಇತ್ತಲ್ಲ’ ಎಂಬ ಮಾತು ಉಳಿದುಕೊಂಡಿತು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಚಾಕಿನ ಸುದ್ದಿ ಬಂದದ್ದು ಅದೇ ಮೊದಲು. ಮೊದಲು ಎಂದು ನಾನು ಅಂದುಕೊಂಡಿದ್ದೇನೆ.

ಶ್ರೀರಂಗಪಟ್ಟಣದ ನನ್ನ ಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಚಾಕು ಹುಡುಕತೊಡಗಿದೆ. ಬೆಲೆಯ ಮುಖ ನೋಡಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಒಂದು ಕರು ಬರುವಷ್ಟು ಬೆಲೆಯ ಚಾಕುಗಳಿವೆ ಎಂದು ಗೊತ್ತಾದದ್ದು ಆಗಲೇ. ವಾರಗಟ್ಟಲೆ ಓದಿದೆ, ವೀಡಿಯೊ ನೋಡಿದೆ, ಒಂದನ್ನೇ ಆರಿಸಲಾಗದೆ ಮೂರು ತರಿಸಿದೆ.

ಮೊದಲನೆಯದರ ಹಿಡಿ ಟೈಟಾನಿಯಂ. ಹೆಬ್ಬೆರಳು ತಾಗಿಸಿದರೆ ಸಾಕು, ಅಲಗು ಎಣ್ಣೆಯ ಮೇಲೆ ಜಾರಿದಂತೆ ಹೊರಬಂದು ಲಾಕಾಗುತ್ತಿತ್ತು. ಎರಡನೆಯದರ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು, ಹಿಡಿಗೆ ಕಪ್ಪೆಚಿಪ್ಪು. ಮೂರನೆಯದು ಜಪಾನಿನದು, ಒಬ್ಬನೇ ಕಮ್ಮಾರ ಕೈಯಾರೆ ಮಾಡಿದ್ದು. ಕೊಂಬಿನ ಹಿಡಿ, ಸಾದಾ ಅಲಗು, ಲಾಕಿಲ್ಲ, ಬಿಗಿಯಾದ ಸ್ಪ್ರಿಂಗು ಮಾತ್ರ. ಕೂಸಿನ ಕೆಳಗೆ ಇಡುವುದಾದ್ದರಿಂದ ಎಲ್ಲಕ್ಕಿಂತ ಹಗುರವಾದ ಮೊದಲನೆಯದೇ ಸರಿ ಎನ್ನಿಸಿತು. ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತ ತಂದು ಅದರ ಹಿಡಿಗೆ ತಾಗಿಸಿದೆ. ಜಾರಿ ಬಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಚಾಕಲ್ಲ, ಕಬ್ಬಿಣ ಎಂದು ನನಗೆ ಹೊಳೆದದ್ದು ಅಷ್ಟೊತ್ತಿಗೆ.

ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯುವ ವಯಸ್ಸಾದ ಸಾಬರೊಬ್ಬರು ನಿಲ್ಲುತ್ತಾರೆ. ಮೂರನ್ನೂ ಅವರ ಮುಂದೆ ಇಟ್ಟೆ.

“ಇದರಲ್ಲಿ ಕಬ್ಬಿಣ ಯಾವುದು ಸಾಬ್ರೆ?”

“ಯಾಕ್ ಸಾರ್, ಗುಜ್ರಿಗೆ ಹಾಕ್ತೀರಾ?”

ಕೂಸಿನ ದಿಂಬಿಗೆ ಎಂದೆ. ನಗು ನಿಲ್ಲಿಸಿದರು. “ನಮ್ಮಲ್ಲೂ ಇಡ್ತಾರೆ ಸಾರ್, ಬಚ್ಚಾಗೆ,” ಎಂದು ಪಕ್ಕದ ಗಾಡಿಯಿಂದ ಒಂದು ನಿಂಬೆಹಣ್ಣು ಕೇಳಿ ಪಡೆದು, ಕೊಯ್ದು, ಮೂರು ಅಲಗಿಗೂ ಉಜ್ಜಿದರು. ಬೀಡಿ ಹಚ್ಚಿ ಕಾದರು. ಮೊದಲೆರಡನ್ನು ಒರೆಸಿದಾಗ ಏನೂ ಆಗಿರಲಿಲ್ಲ. ಜಪಾನಿನದು ಮಾತ್ರ ಮಳೆಮೋಡದ ಬಣ್ಣಕ್ಕೆ ತಿರುಗಿತ್ತು.

“ಇದು ಅಸ್ಲಿ. ಹುಳಿ ತಗೋತು ನೋಡಿ. ಅವೆರಡು ದೊಡ್ ಸಾಹೇಬ್ರು, ಏನೂ ಅಂಟಲ್ಲ.”

“ತುಕ್ಕು ಹಿಡಿಯಲ್ವಾ?”

“ಹಿಡೀಲೇಬೇಕು ಸಾರ್! ಹಿಡೀಲಿಲ್ಲ ಅಂದ್ರೆ ಕಬ್ಬಿಣ ಅಂತ ಯಾಕೆ ಕರೀಬೇಕು?”

ಅಂದು ಮಧ್ಯಾಹ್ನ ಆ ಚಾಕನ್ನು ನನ್ನ ದಿಂಬಿನಡಿ ಇಟ್ಟು ಮಲಗಿ ನೋಡಿದೆ. ಹೊರಳಾಡಿದೆ, ಮೊಣಕೈಯೂರಿ ಅದುಮಿದೆ. ತಾನಾಗಿ ತೆರೆದುಕೊಳ್ಳಲಿಲ್ಲ. ಇಷ್ಟೇ ಪರೀಕ್ಷೆ. ಆದರೆ ಏಳುವ ಮೊದಲು ಕಿವಿಯ ಕೆಳಗೆ ರಾಗಿ ಸರಿದ ಸದ್ದಾಯಿತು, ಯಾರೋ ಮೆಲ್ಲಗೆ ತಲೆ ತಿರುಗಿಸಿದಾಗ ಆಗುವಂಥದ್ದು. ನನ್ನದು ಸ್ಪಂಜಿನ ದಿಂಬು. ಆ ಸದ್ದು ಅಂದೇ ಕೇಳಿಸಿತೋ, ಬರೆಯುವ ಹೊತ್ತಿಗೆ ಬಂದು ಸೇರಿಕೊಂಡಿತೋ ಹೇಳಲಾರೆ. ಈಗಂತೂ ಮಲಗಿದಾಗಲೆಲ್ಲ ಕೇಳಿಸುತ್ತದೆ.

ಪಾಂಡವಪುರ ದಾಟಿ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಕಿಕ್ಕೇರಿಗೆ ಹೋದೆ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ. ಅಕ್ಕನ ಮನೆಯಲ್ಲಿ ಸಾಂಬ್ರಾಣಿ ಹೊಗೆ. ಅವಳ ಮಗಳು ಸ್ನಾನಕ್ಕೆ ಹೋಗಿದ್ದಳು, ಕೂಸು ಮಲಗಿತ್ತು. ಚಾಕು ತೆಗೆದು ಅಕ್ಕನ ಕಡೆ ಚಾಚಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಕೆಳಗಿಡ್ಲಾ. ಕೈಯಿಂದ ಕೈಗೆ ಚಾಕು ಕೊಡ್ತಾರಾ ಯಾರಾದ್ರೂ? ಜಗಳ ಆಯ್ತದೆ. ಪಟ್ಟಣ ಸೇರಿ ಎಲ್ಲ ಮರ್ತ್‌ಬುಟ್ಟವ್ನೆ.”

ನೆಲದ ಮೇಲೆ ಇಟ್ಟೆ. ಎತ್ತಿಕೊಂಡು, ಅಂಗೈಯಲ್ಲಿ ತೂಗಿ, ಉಗುರಿನಿಂದ ಅಲಗು ಬಿಡಿಸಿ ಮಡಚಿದಳು. “ಎಷ್ಟು ಕೊಟ್ಟೆ?”

“ಐನೂರು.”

“ಟೋಪಿ ಹಾಕವ್ನೆ ನಿಂಗೆ. ಸಂತೇಲಿ ಇನ್ನೂರಕ್ಕೆ ಕೊಡ್ತಾರೆ.” ತೊಟ್ಟಿಲ ಮೇಲೆ ಬಾಗಿದಳು.

ಬಾಯಿಪಾಠ ಮಾಡಿದ ವಾಕ್ಯ ಬರಲಿಲ್ಲ. ಬೇರೆಯೇ ಬಂತು. “ಅಕ್ಕ, ಆಗ ಅಪ್ಪನ ಚಾಕು ಎತ್ಕಂಡೋಗಿದ್ದು ನಾನು. ಕೂಸಿನ ದಿಂಬಿನಡಿಯಿಂದ.”

ಅವಳ ಬೆನ್ನು ನನ್ನ ಕಡೆಗಿತ್ತು. ಕೈ ದಿಂಬಿನಡಿಯೇ ಇತ್ತು.

“ಗೊತ್ತು ಕಣ್ಲಾ. ಅವತ್ತೇ ಅವ್ವ ಕುಡ್ಲು ತಂದು ಬಟ್ಟೆ ಸುತ್ತಿ ಇಟ್ಲು. ಕಬ್ಬಿಣ ಇತ್ತು.”

“ಇತ್ತಾ?”

“ಇತ್ತು ಅಂದ್ನಲ್ಲ. ಮೆಲ್ಲಗ್ ಮಾತಾಡು, ಮಗ ಎದ್ದಾತು.”

ಆಮೇಲೆ ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದಳು. ಬರುವುದು ಸ್ವಲ್ಪ ತಡವಾಯಿತು. ಬಂದಾಗ ಹಾಲಿನ ಡೇರಿಯಲ್ಲಿ ನಡೆದ ಯಾವುದೋ ಜಗಳದ ಕತೆ ಹೇಳಿದಳು.

ಹಾಗಾದರೆ ನಾನು ಚಾಕು ತೆಗೆದಾಗ ಕೂಸು ಬದುಕಿತ್ತು. ಅಷ್ಟನ್ನು ಅವಳು ಹೇಳಿದಂತಾಯಿತು, ಹೇಳಬೇಕೆಂದಿದ್ದಳೋ ಇಲ್ಲವೋ. ಹಸುಗೂಸಿನ ತಲೆಯ ಕೆಳಗೆ ಯಾರಾದರೂ ಕುಡುಗೋಲು ಇಡುತ್ತಾರೆಯೇ? ಅವ್ವ ಇಟ್ಟರೂ ಇಟ್ಟಾಳು ಎಂದು ಒಂದೊಂದು ಸಲ ಅನ್ನಿಸುತ್ತದೆ. ಕೇಳೋಣವೆಂದರೆ ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕನ ಮುಖವನ್ನು ಆಗ ನಾನು ನೋಡಲಿಲ್ಲ. ಅವಳು ಕಂಡದ್ದನ್ನು ಹೇಳಿದಳೋ, ನನಗಾಗಿ ಆ ಗಳಿಗೆಯಲ್ಲಿ ಹುಟ್ಟಿಸಿ ಹೇಳಿದಳೋ, ನನಗೆ ಗೊತ್ತಿಲ್ಲ. ಮತ್ತೆ ಕೇಳಿಲ್ಲ.