ಮತ್ತೆ ಅಂಟಿಸಿದ ಸೇತುವೆ

ನವಲಗುಂದ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲಾ ಮಾಸ್ತರ. ಅಲ್ಲಿಯೇ ಗಣಿತ ಕಲಿಸುತ್ತಿದ್ದವನೊಬ್ಬ ನನ್ನ ಗೆಳೆಯ. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಅವನು ಒಂದು ಆಟ ಕಲಿತು ಬಂದಿದ್ದ. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬ ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ಈಗ ನಾನು ಹೀಗೆ ಮಾಡುತ್ತೇನೆ ಅನ್ನಬೇಕು. ಅದು ಕೈಗೂಡಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಒಂದೇ ಕಥೆ ವರ್ಷಗಟ್ಟಲೆ ನಡೆಯುತ್ತದೆ.

ರವಿವಾರ ಮಧ್ಯಾಹ್ನ ಮೊರಬದ ಒಂದು ಗೊಬ್ಬರದ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಾವು ಕೂಡುತ್ತಿದ್ದೆವು. ಕಥೆ ಗೆಳೆಯನದು. ಆಡುವವರು ನಾನು, ಅಂಗಡಿಯ ಮಾಲಕ ಮತ್ತು ಸರಕಾರಿ ದವಾಖಾನೆಯ ನರ್ಸಕ್ಕ. ಯೂರಿಯಾ ವಾಸನೆಗೆ ಮೊದಮೊದಲು ತಲೆ ಸಿಡಿಯುತ್ತಿತ್ತು, ಆಮೇಲೆ ರೂಢಿಯಾಯಿತು.

ನಕ್ಷೆ ನನ್ನ ಪಾಲಿನ ಕೆಲಸ. ಗೆಳೆಯ ಕಟ್ಟಿದ ದೇಶದಲ್ಲಿ ಏಳು ಊರು, ಒಂದು ದೊಡ್ಡ ಹೊಳೆ, ಎರಡು ಗುಡ್ಡದ ಸಾಲು. ಆಟದಲ್ಲಿ ಏನೇ ಆದರೂ ಅದು ವಾರದೊಳಗೆ ಹಾಳೆಯ ಮೇಲೂ ಆಗಬೇಕು. ಊರು ಸುಟ್ಟರೆ ಅದಕ್ಕೆ ಕಪ್ಪು ಬಳಿಯುತ್ತಿದ್ದೆ. ಹೊಳೆ ದಿಕ್ಕು ಬದಲಿಸಿದರೆ ಹಳೆಯ ಗೆರೆ ಕೆರೆದು ಹೊಸದು ಎಳೆಯುತ್ತಿದ್ದೆ. ಕೆರೆದು ಕೆರೆದು ಹಾಳೆ ಅಲ್ಲಲ್ಲಿ ತೆಳ್ಳಗಾಗಿತ್ತು. ಹಿಂದಿನಿಂದ ತುಂಡು ಹಚ್ಚಿ ಗಟ್ಟಿ ಮಾಡಿದ್ದೆ.

ಮೂರನೆಯ ವರ್ಷ ಗೆಳೆಯ, “ಅಕ್ಷರ ಸ್ವಲ್ಪ ದಪ್ಪ ಬರಿ” ಅಂದ. ಬರೆದೆ. ಕೆಲವು ತಿಂಗಳಿಗೆ, “ಇನ್ನೂ ದಪ್ಪ ಆಗಬೇಕು” ಅಂದ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು, ಒಳಗಿನ ಪರದೆ ಕೆಡುತ್ತ ಹೋಗುತ್ತದೆ, ಔಷಧವಿಲ್ಲ ಅಂದಿದ್ದರು. ಅದನ್ನು ಅವನು ನಮಗೆ ತಿಳಿಸಿದ್ದು ದಾಳ ಉರುಳಿಸುತ್ತ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ. ಮುಂದಿನ ವರ್ಷ ಶಾಲೆ ಬಿಟ್ಟ. ಹೆಂಡತಿ ಕೈಹಿಡಿದು ಗೋದಾಮಿನ ಬಾಗಿಲತನಕ ತಂದು ಬಿಡತೊಡಗಿದಳು.

ಆಗ ನಾನು ನಕ್ಷೆಯನ್ನು ರಟ್ಟಿನ ಮೇಲೆ ಹೊಸದಾಗಿ ಮಾಡಿದೆ. ದಾರಿಗೆ ದಪ್ಪ ನೂಲು, ಹೊಳೆಗೆ ಸುತಳಿ, ಊರಿಗೊಂದು ಹುಣಸೀಬೀಜ, ಗುಡ್ಡಕ್ಕೆ ಮರಳು, ಎಲ್ಲ ಗೋಂದಿನಿಂದ ಅಂಟಿಸಿದೆ. ಅವನು ಬೆರಳು ಆಡಿಸುತ್ತ ಒಂದೊಂದೇ ಊರಿನ ಹೆಸರು ಹೇಳಿದ. ಒಂದೂ ತಪ್ಪಲಿಲ್ಲ. ಆ ದಿನ ನಾವು ಬಹಳ ಹೊತ್ತು ಆಡಿದೆವು.

ಆದರೆ ಕಥೆ ಹೇಳುವ ಭರದಲ್ಲಿ ಅವನು ಪ್ರತಿ ಸಲ ಮುಟ್ಟಿ ನೋಡುತ್ತಿರಲಿಲ್ಲ. ಒಮ್ಮೆ ಪಶ್ಚಿಮದಲ್ಲಿದ್ದ ಊರೊಂದನ್ನು ಮೂಡಲಕ್ಕಿದೆ ಅಂದ. ನರ್ಸಕ್ಕ ಬಾಯಿ ತೆರೆದಳು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಅವಳು ಸುಮ್ಮನಾದಳು. ಮರುದಿನ ಮನೆಯಲ್ಲಿ ಆ ಹುಣಸೀಬೀಜ ಕಿತ್ತು ಮೂಡಲಕ್ಕೆ ಅಂಟಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಆಗ ಅನ್ನಿಸಿತ್ತು.

ಹೀಗೆ ನಾಲ್ಕು ಸಲ ಆಯಿತು. ನಾಲ್ಕನೆಯದು ಸೇತುವೆ. ಆಟದಲ್ಲಿ ಶತ್ರು ದಾಟಬಾರದೆಂದು ಅದನ್ನು ನಾವೇ ಸುಟ್ಟಿದ್ದೆವು. ಅದು ಉರಿದು ಬೀಳುವತನಕ ಕಾವಲು ನಿಂತಾಗ ಅಂಗಡಿಯವನ ಪಾತ್ರ ತನ್ನ ತಮ್ಮನನ್ನು ಕಳೆದುಕೊಂಡಿತ್ತು. ನಾಲ್ಕು ತಿಂಗಳ ಮೇಲೆ ಗೆಳೆಯ ವ್ಯಾಪಾರಸ್ಥರ ಎತ್ತಿನ ಗಾಡಿಗಳನ್ನು ಅದೇ ಸೇತುವೆಯ ಮೇಲೆ ದಾಟಿಸಿದ. ಅಂಗಡಿಯವನು ನನ್ನ ಮುಖ ನೋಡಿದ. ಇರಲಿ ಬಿಡು ಅನ್ನುವಂತೆ ನಾನು ತಲೆಯಾಡಿಸಿದೆ. ನಾವೂ ಗಾಡಿಗಳ ಹಿಂದೆ ದಾಟಿದೆವು. ಸುಟ್ಟಾಗ ಕಿತ್ತಿದ್ದ ಸೇತುವೆಯ ಕಡ್ಡಿಯನ್ನು ಸೋಮವಾರ ಸುತಳಿಯ ಮೇಲೆ ಮತ್ತೆ ಅಡ್ಡ ಅಂಟಿಸಿದೆ.

ಎರಡು ವಾರದ ಮೇಲೆ ಅವನು ಉಳಿದವರಿಗಿಂತ ಮುಂಚೆ ಬಂದ. ರಟ್ಟು ಕೇಳಿ ತೊಡೆಯ ಮೇಲಿಟ್ಟುಕೊಂಡ. ಬೆರಳು ಹೊಳೆಗುಂಟ ಹೋಗಿ ಕಡ್ಡಿಯ ಹತ್ತಿರ ನಿಂತಿತು.

“ಇಲ್ಲೆ ಸೇತುವಿ ಐತಿ.”

“ಐತಿ” ಅಂದೆ.

“ಸುಟ್ಟಿದ್ವಿ ಅದನ್ನ. ನಿನ್ನೆ ಜಳಕಾ ಮಾಡುಮುಂದ ನೆನಪಾತು. ಯಾವಾಗ ಹಚ್ಚಿದಿ?”

“ನೀ ಗಾಡಿ ದಾಟಿಸಿದ ಮರುದಿನ.”

“ಮತ್ತ ಎಲ್ಲೆಲ್ಲೆ ಹಿಂಗ ಮಾಡೀದಿ?”

ಹೇಳಿದೆ. ಅವನು ಒಂದೊಂದನ್ನೂ ಮುಟ್ಟಿ ನೋಡಿದ.

“ಅವ್ರಿಬ್ಬರಿಗೂ ಗೊತ್ತೈತೇನು?”

“ಗೊತ್ತೈತಿ.”

“ಅಂದ್ರ ನಾ ಮುಂದ ಕುಂತಿದ್ದಾಗ ನೀವು ಮೂರೂ ಮಂದಿ ಕಣ್ಣಿಲೇ ಮಾತಾಡಿಕೋತ ಇದ್ರಿ.”

“ನಿನಗ ಬ್ಯಾಸರ ಆಗಬಾರದಂತ ಮಾಡಿದ್ದು” ಅಂದೆ.

“ಮನ್ಯಾಗೂ ಹಂಗ ಅಂತಾರ” ಅಂದ. ದನಿ ಏರಿರಲಿಲ್ಲ. “ಸಾಲ್ಯಾಗ ಕಡೀ ವರ್ಷ ಬೋರ್ಡಿನ ಮ್ಯಾಲೆ ನಾ ತಪ್ಪ ಬರದ್ರ ಹುಡುಗೂರು ತಾವ ತಿದ್ದಿ ಬರಕೋತಿದ್ರಂತ. ಸಾಲಿ ಬಿಟ್ಟ ಮ್ಯಾಲೆ ತಿಳೀತು. ಇಲ್ಲೆ ಮಾತ್ರ, ನಾ ತಪ್ಪಿದ್ರ ನೀವು ಜಗಳಾ ತಗೀತೀರಿ ಅನ್ಕೊಂಡಿದ್ದೆ.”

ಅಷ್ಟರಲ್ಲಿ ಅಂಗಡಿಯವನು ಬಂದ. ಗೆಳೆಯ ಎದ್ದು, ತನ್ನನ್ನು ಬೈಕಿನ ಮೇಲೆ ಮನೆಗೆ ಬಿಡು ಅಂತ ಅವನಿಗೆ ಅಂದ. ಆಮೇಲೆ ಬಂದ ನರ್ಸಕ್ಕನಿಗೆ ನಾನೊಬ್ಬನೇ ಕೂತು ಎಲ್ಲ ಹೇಳಿದೆ. “ಅವತ್ತ ನೀವು ಸನ್ನಿ ಮಾಡಿದಾಗ ನಾ ಸುಮ್ಮನಾಗಬಾರದಿತ್ರಿ” ಅಂದಳು.

ಮುಂದಿನ ರವಿವಾರ ಮೈಯಲ್ಲಿ ಹುಷಾರಿಲ್ಲ ಅಂತ ಅವನ ಹೆಂಡತಿ ಫೋನು ಮಾಡಿದಳು. ಅದರ ಮುಂದಿನದಕ್ಕೂ ಹಾಗೆಯೇ. ನಾನು ನಾಲ್ಕೂ ತಿದ್ದುಪಡಿ ಕಿತ್ತು, ಇದ್ದದ್ದನ್ನು ಇದ್ದಲ್ಲಿಯೇ ಅಂಟಿಸಿ, ರಟ್ಟು ತಗೊಂಡು ಅವನ ಮನೆಗೆ ಹೋದೆ.

“ಎಲ್ಲಾ ಮೊದಲಿನಂಗ ಮಾಡೀನಿ” ಅಂದೆ.

“ಅಲ್ಲೆ ಇಡ್ರಿ” ಅಂದ. ಹನ್ನೊಂದು ವರ್ಷದಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಕೈ ಚಾಚಲಿಲ್ಲ. ಚಹಾ ಬಂತು, ಕುಡಿದು ಎದ್ದೆ.

ನಾವು ಮೂವರೇ ಒಮ್ಮೆ ಆಡಲು ಕೂತೆವು. ನರ್ಸಕ್ಕ ಕಥೆ ಹೇಳಲು ನೋಡಿದಳು. ಅರ್ಧ ತಾಸಿಗೆ, “ನನಗ ಬರೂದಿಲ್ಲ ಬಿಡ್ರಿ” ಅಂದು ದಾಳಗಳನ್ನು ಡಬ್ಬಿಗೆ ಹಾಕಿದಳು. ಅಲ್ಲಿಗೆ ಆಟ ನಿಂತಿತು.

ಗೆಳೆಯ ಈಗ ಬಮ್ಮಿಗಟ್ಟಿಯಲ್ಲಿದ್ದಾನೆ, ಹೆಂಡತಿಯ ತವರಿನಲ್ಲಿ. ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ತಪ್ಪಾಯಿತು ಅಂತ ಎರಡು ಸಲ ಹೇಳಿದ್ದೇನೆ. ಎರಡನೆಯ ಸಲ, “ಆ ಮಾತು ಸಾಕ್ರಿ” ಅಂದ. ಮೊನ್ನೆ ಮಾಡಿದಾಗ, ಭಾವಮೈದುನನ ಗೋವಿನಜೋಳಕ್ಕೆ ಹುಳ ಬಿದ್ದಿದೆ, ಯಾವ ಔಷಧ ಹೊಡೆಯಬೇಕು ಅಂತ ಅಂಗಡಿಯವರನ್ನು ಕೇಳಿ ಹೇಳಿರಿ ಅಂದ. ಕೇಳಿ ಹೇಳಿದೆ. “ಛಲೋ ಆತ್ರಿ” ಅಂದು ಫೋನು ಇಟ್ಟ.