ಕಸ್ತೂರಮ್ಮನ ಕ್ಯಾನು, ಗಿರ್ಮಿಟ್‌ನ ಬಂಡೆ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಹರಿಹರದ ನದಿ ಮೆಟ್ಟಿಲ ಮೇಲೆ ಕೂತು ಕಸ್ತೂರಮ್ಮ ಐದು ಲೀಟರಿನ ಎಣ್ಣೆ ಕ್ಯಾನಿನ ಮುಚ್ಚಳ ತೆಗೆದರು. ಅತ್ತಿತ್ತ ನೋಡಿ ಎರಡು ಲೋಟ ನೀರು ಸುರಿದರು. ಕ್ಯಾನು ಕಂಠದವರೆಗೆ ತುಂಬಿತು. ಇದನ್ನು ನೋಡಿದ್ದು ಅವರ ನಾಯಿ ಗಿರ್ಮಿಟ್ ಮಾತ್ರ.

ಕಸ್ತೂರಮ್ಮನಿಗೆ ಅರವತ್ತಮೂರು ವರ್ಷ. ಮನೆಯಲ್ಲಿ ರವಿಕೆ ಹೊಲಿಯುತ್ತಾರೆ. ಬೇಸಿಗೆಯ ಎರಡು ತಿಂಗಳು ಮಾತ್ರ ಹೊಲಿಗೆ ಮಿಷನ್ನು ಶುರುವಾಗುವುದು ಎಂಟರ ನಂತರ. ಅದಕ್ಕೂ ಮುಂಚೆ ಅವರು ಈಜು ಬಾರದವರಿಗೆ ಕಲಿಸುತ್ತಾರೆ. ಶುಲ್ಕವಿಲ್ಲ, ಬರುವವರು ಗಿರ್ಮಿಟ್‌ಗೆ ಒಂದು ಹಿಡಿ ಮಂಡಕ್ಕಿ ತರಬೇಕು. ಗಿರ್ಮಿಟ್ ಎಂದರೆ ಮಸಾಲೆ ಕಲಸಿದ ಮಂಡಕ್ಕಿ; ಕಪ್ಪು, ಬಿಳಿ, ಕಂದು ಮೂರೂ ಕಲಸಿದಂಥ ಮೈಬಣ್ಣಕ್ಕೆ ನಾಯಿಗೆ ಆ ಹೆಸರು ಬಂತು. ಮಂಡಕ್ಕಿಯ ಆಸೆ ಆಮೇಲಿನದು.

ಈ ವಿದ್ಯೆ ಲೋಕಿಕೆರೆಯ ಬಾವಿಯದು. ಅಲ್ಲಿ ಅವರ ಅಜ್ಜಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದರು. ದಿನವೂ ಬುರುಡೆಯೊಳಗೆ ಒಂದಿಷ್ಟು ನೀರು ಬಿಡುತ್ತಿದ್ದರು, ಹೇಳುತ್ತಿರಲಿಲ್ಲ. ನೀರು ಹೆಚ್ಚಿದಷ್ಟೂ ಬುರುಡೆ ತೇಲಿಸುವುದು ಕಡಿಮೆಯಾಗಿ ಕೈಕಾಲು ತಾವೇ ಕಲಿತುಕೊಳ್ಳುತ್ತವೆ. ಬುರುಡೆಯ ಜಾಗಕ್ಕೆ ಈಗ ಕ್ಯಾನು ಬಂದಿದೆ, ಅಷ್ಟೆ. ಭಾರ ಗೊತ್ತಾಗದಿರಲೆಂದು ಕಸ್ತೂರಮ್ಮ ಅದನ್ನು ಸೊಂಟಮಟ್ಟದ ನೀರಿನಲ್ಲೇ ಕಟ್ಟುತ್ತಾರೆ.

ಪರೀಕ್ಷೆಯೂ ಒಂದೇ. ದಡದಿಂದ ಇಪ್ಪತ್ತು ಮಾರು ದೂರದ ಬಂಡೆಗೆ ಗಿರ್ಮಿಟ್ ಮೊದಲು ಈಜಿ ಹೋಗಿ ಕೂರುತ್ತದೆ. ಕಲಿಯುವವರು ಹಿಂದೆಯೇ ಹೋಗಿ ಅದರ ತಲೆ ಸವರಬೇಕು. ಕ್ಯಾನಿನ ಗುಟ್ಟನ್ನು ಕಸ್ತೂರಮ್ಮ ಬಂಡೆ ಮುಟ್ಟಿದವರಿಗೆ ಮಾತ್ರ ಹೇಳುತ್ತಾರೆ. ಅವರು ಬೇರೆಯವರ ಮುಂದೆ ಬಾಯಿ ಬಿಡುವಂತಿಲ್ಲ.

ಈ ಬೇಸಿಗೆಯಲ್ಲಿ ಬಂಡೆ ಮುಟ್ಟದೆ ಉಳಿದವರು ವಾಣಿ ಒಬ್ಬರೇ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಒಂಬತ್ತು ವರ್ಷದ ಮಗಳು ನಯನಾಳನ್ನು ಸ್ಕೂಟಿಯಲ್ಲಿ ಕರೆತಂದವರು ತಾವೂ ನೀರಿಗೆ ಇಳಿದಿದ್ದರು. ಚಿಕ್ಕವರಿದ್ದಾಗ ಭಾನುವಳ್ಳಿಯ ಕಾಲುವೆಗೆ ಬಿದ್ದಿದ್ದ ಅವರು ಆಮೇಲೆ ಮೊಣಕಾಲಿಗಿಂತ ಆಳದ ನೀರು ಕಂಡಿರಲಿಲ್ಲ. ನಯನಾ ಎಂಟೇ ದಿನದಲ್ಲಿ ಬಂಡೆ ಮುಟ್ಟಿದಳು. ವಾಣಿ ಹದಿನೆಂಟು ದಿನದಿಂದ ಅರ್ಧಕ್ಕೇ ತಿರುಗುತ್ತಿದ್ದರು. ನದಿಯ ಮೇಲ್ಭಾಗದಲ್ಲಿ ಮಳೆಯಾಗಿ ಹೊಸ ನೀರು ಬಂದರೆ ಪಾಠ ನಿಲ್ಲುತ್ತದೆ. ಮತ್ತೆ ಮುಂದಿನ ಬೇಸಿಗೆಯೇ.

"ಅಮ್ಮ, ಗಿರ್ಮಿಟ್‌ಗೆ ವಯಸ್ಸಾಗೋದ್ರೊಳಗೆ ಹೋಗ್ತೀಯಾ?" ಎಂದು ನಯನಾ ದಾರಿಯಲ್ಲೇ ಕೇಳಿದ್ದಳು.

"ಸುಮ್ನಿರು. ನಿಮ್ಮಪ್ಪ ಇನ್ನೂ ಮೆಟ್ಲೇ ಇಳಿದಿಲ್ಲ."

ಆ ಭಾನುವಾರ ತಾಯಿ ಮಗಳು ಬೇಗ ಬಂದರು. ಕಸ್ತೂರಮ್ಮ ನಾಯಿಯೊಂದಿಗೆ ಚಹಾ ಕುಡಿಯಲು ಹೋಗಿದ್ದರು. ಮೆಟ್ಟಿಲ ಮೇಲಿದ್ದ ಕ್ಯಾನನ್ನು ಎತ್ತಿದ ವಾಣಿ ಅದು ಸೋರಿ ನೀರು ಒಳಗೆ ಹೋಗಿದೆ ಎಂದುಕೊಂಡರು. ಎಲ್ಲವನ್ನೂ ಬಗ್ಗಿಸಿ, ಕ್ಯಾನು ಒರೆಸಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಚೂರು ಸುತ್ತಿ ಬಿಗಿ ಮಾಡಿದರು. ಕಸ್ತೂರಮ್ಮ ಬರುವಷ್ಟರಲ್ಲಿ ತಾವೇ ಅದನ್ನು ಬೆನ್ನಿಗೆ ಕಟ್ಟಿಕೊಂಡು ನೀರಿನಲ್ಲಿ ನಿಂತಿದ್ದರು.

ಗಿರ್ಮಿಟ್ ಬಂಡೆಗೆ ಹೋಯಿತು. ವಾಣಿ ಹೊರಟರು. ಖಾಲಿ ಕ್ಯಾನು ಅವರ ಬೆನ್ನನ್ನು ಮೇಲೆತ್ತಿತು, ಮೂಗು ನೀರಿಗೆ ಹೋಯಿತು. ಕಾಲು ಬಡಿದರೆ ಮೈ ಪಕ್ಕಕ್ಕೆ ಹೊರಳಿತು. ನಯನಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನ್ರಿ ಅಮ್ಮ ಇದು? ಸೋರ್ತಿತ್ತು ಅಂತ ನೀರು ಬಗ್ಗಿಸಿ ಒರೆಸಿದ್ರೆ ಕ್ಯಾನೇ ನನ್ನ ಉರುಳಿಸ್ತೈತೆ," ಎಂದರು ವಾಣಿ, ಹಿಂದಕ್ಕೆ ಬಂದು ಕಾಲೂರಿ ನಿಂತು.

ಕಸ್ತೂರಮ್ಮ ಕ್ಯಾನಿನ ಮುಚ್ಚಳ ಮುಟ್ಟಿ ನೋಡಿದರು. ಬಂಡೆ ಮುಟ್ಟದವರಿಗೆ ಅವರು ಇದನ್ನು ಹೇಳಿದ್ದೇ ಇಲ್ಲ.

"ಸೋರಿಲ್ಲ ತಾಯಿ. ನಾನೇ ದಿನಾ ಹಾಕಿದ್ದು. ನಿನ್ನೆ ಎರಡು ಲೋಟ ಬಿಟ್ರೆ ಪೂರ್ತಿ ತುಂಬಿತ್ತು."

"ತುಂಬಿದ ಕ್ಯಾನು ತೇಲಿಸ್ತೈತೇನ್ರಿ?"

"ಇಲ್ಲ."

"ಹಂಗಾದ್ರೆ ನಿನ್ನೆ ಅರ್ಧದವರೆಗೆ ನನ್ನ ಹೊತ್ಕೊಂಡು ಹೋದೋರು ಯಾರು?"

"ಗಿರ್ಮಿಟ್ ಅಂತೂ ಅಲ್ಲ. ಅದು ಬಂಡೆ ಮ್ಯಾಲಿತ್ತು."

"ಹದಿನೆಂಟು ದಿನ ಮೋಸ ಮಾಡೀರಿ."

"ಹದಿನೇಳು. ಮೊದಲ್ನೇ ದಿನ ಖಾಲಿನೇ ಇತ್ತು."

ವಾಣಿ ಮಗಳ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತೇನೆ?"

"ಹತ್ತು ದಿನದಿಂದ," ಎಂದಳು ನಯನಾ.

ವಾಣಿ ಕ್ಯಾನು ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದರು. ಕ್ಯಾನು ತೇಲುತ್ತ ದಡದ ಕಡೆ ಹೋಯಿತು. ಅವರು ಬೆನ್ನಿಗೆ ಏನೂ ಕಟ್ಟಿಕೊಳ್ಳದೆ ಹೊರಟರು; ಒಂದು ತೋಳಿನ ದೂರದಲ್ಲಿ ಕಸ್ತೂರಮ್ಮ. ಅರ್ಧ ದಾರಿಯಲ್ಲಿ ಎಂದಿನಂತೆ ವಾಣಿಯ ಕತ್ತು ಹಿಂದಕ್ಕೆ ತಿರುಗಿತು.

"ಹಿಂದಕ್ಕೂ ಅಷ್ಟೇ ದೂರ ಐತೆ," ಎಂದರು ಕಸ್ತೂರಮ್ಮ.

ವಾಣಿ ಮುಂದಕ್ಕೇ ಹೋದರು. ಬಂಡೆ ಹತ್ತಿ, ಏದುಸಿರು ಬಿಡುತ್ತ ನಾಯಿಯ ತಲೆ ಸವರಿದರು. ಗಿರ್ಮಿಟ್ ತಕ್ಷಣ ನೀರಿಗೆ ಹಾರಿ, ದಡದಲ್ಲಿದ್ದ ಮಂಡಕ್ಕಿ ಪೊಟ್ಟಣದ ಕಡೆ ಈಜಿತು. ಹಿಂತಿರುಗಿ ನೋಡಲಿಲ್ಲ. ವಾಣಿಯೂ ವಾಪಸ್ ಬರುವಾಗ ಎಲ್ಲೂ ನಿಲ್ಲಲಿಲ್ಲ.

ಸ್ಕೂಟಿ ಹತ್ತುವ ಮೊದಲು ತಾಯಿ ಮಗಳು ಒಂದು ಒಪ್ಪಂದ ಮಾಡಿಕೊಂಡರು: ಮನೆಯಲ್ಲಿ ಕ್ಯಾನಿನ ಮಾತು ಎತ್ತುವುದಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಕಸ್ತೂರಮ್ಮ ಅದನ್ನು ವಾಣಿಯ ಗಂಡ ಶಿವಕುಮಾರನ ಬೆನ್ನಿಗೆ ಕಟ್ಟಿದರು. ಕ್ಯಾನು ಖಾಲಿ ಇತ್ತು.